ಹತ್ತಕ್ಕೆ ಎಂಟು

ಬರೆಯಬೇಕಾಗಿದ್ದುದು ಎರಡೇ ಸಾಲು. ಎರಡು ಸಾಲಿಗೆ ನಾಲ್ಕು ದಿನ ಬೇಕೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಅವನು ಕನ್ನಡಕ ತೆಗೆದು ಒರೆಸಿದ. ಒರೆಸಿ ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಎದುರಿನ ಪರದೆಯ ಮೇಲೆ, ಕಂಪನಿಗೆ ಚಿತ್ರ ಬರೆದುಕೊಡುವ ಪೆನ್ಸಿಲಮ್ಮನ ಸಂದೇಶ ಸೋಮವಾರ ಬಂದದ್ದು ಗುರುವಾರವಾದರೂ ಹಾಗೇ ಇತ್ತು, ಬಾಗಿಲಲ್ಲಿ ನಿಂತವರು ಒಳಗೆ ಬರಲೋ ಬೇಡವೋ ಎಂದು ನಿಂತೇ ಇರುವ ಹಾಗೆ. “ನಮಸ್ಕಾರ ಸಾರ್. ಹೇಳ್ಕೊಳ್ಳೋಕೆ ಬೇರೆ ಯಾರೂ ಕಾಣ್ಲಿಲ್ಲ. ನನ್ನ ಹೆಸರಿನ ಪಕ್ಕದ ಹಸಿರು ಗುರುತು ಹೋಯ್ತು, ಅದಿಲ್ದಿದ್ರೆ ಹೊಸ ಕೆಲಸ ಸಿಗಲ್ಲ. ಯಾರೋ ಒಳಗಿಂದೊಳಗೆ ಕಡಿಮೆ ಅಂಕ ಹಾಕಿದಾರಂತೆ. ಯಾರು ಅಂತ ಸೈಟಿನವರು ಹೇಳಲ್ಲ. ಗುರುವಾರ ಸಂಜೆ ಐದರೊಳಗೆ ಹಳೇ ಗಿರಾಕಿ ಯಾರಾದ್ರೂ ನನ್ನ ಪರವಾಗಿ ಬರೆದ್ರೆ ಇನ್ನೊಂದು ಸಲ ನೋಡ್ತಾರಂತೆ. ನಿಮ್ಮ ಕೈಯಿಂದ ಎರಡು ಸಾಲು ಬರೀತೀರಾ? ನನ್ನ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಅದರ ಕೆಳಗೆ ಅವನದೇ ಉತ್ತರ. ಸೋಮವಾರ, ಐದು ನಿಮಿಷವೂ ತಡಮಾಡದೆ, ಕೋಪದಲ್ಲಿ ಬೆರಳು ಕುಟ್ಟಿ ಬರೆದದ್ದು: “ಖಂಡಿತ ಬರೀತೀನಮ್ಮ. ಇಂಥ ಕೆಲಸ ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಒಳ್ಳೇದಾಗಲ್ಲ.” ಆ ಕೊನೆಯ ವಾಕ್ಯವನ್ನು ಅವನು ದಿನಕ್ಕೆ ಹತ್ತು ಸಲ ಓದಿಕೊಳ್ಳುತ್ತಿದ್ದ. ಶಾಪ ಹಾಕಿದವನೂ ತಾನೇ, ತಗುಲಿದ್ದೂ ತನಗೇ. ಇಷ್ಟು ಹತ್ತಿರದ ದಾರಿಯಲ್ಲಿ ಯಾವ ಶಾಪವೂ ನಡೆದಿರಲಿಕ್ಕಿಲ್ಲ.

ಅವನ ಕಂಪನಿಯದು ಜೋಡಣೆ ಹಾಳೆಗಳ ಕೆಲಸ. ಮಡಚುವ ಮೇಜು, ಗೋಡೆಗೆ ಹಾಕುವ ಕಪಾಟು, ಆಸ್ಪತ್ರೆಯ ಮಂಚ ಇಂಥವುಗಳ ಡಬ್ಬಿ ಬಿಚ್ಚಿದರೆ ಮೊದಲು ಕೈಗೆ ಸಿಗುತ್ತದಲ್ಲ, ಯಾವ ತಿರುಪು ಯಾವ ತೂತಿಗೆ ಎಂದು ಚಿತ್ರ ಬರೆದು ತೋರಿಸುವ ಹಾಳೆ, ಅದು. ಜನ ಅದನ್ನು ಓದದೆ ಮೂಲೆಗೆ ಎಸೆದು, ಮಂಚ ಅಲುಗಾಡಿದ ಮೇಲೆ ಹುಡುಕಿಕೊಂಡು ಹೋಗುತ್ತಾರೆ. ಮೊದಲು ಈ ಕೋಣೆಯ ತುಂಬ ಓರೆ ಮೇಜುಗಳಿದ್ದವು, ಒಂಬತ್ತು ಜನ ಚಿತ್ರಗಾರರಿದ್ದರು, ರಬ್ಬರಿನ ಪುಡಿ ಪಾದಕ್ಕೆ ಮೆತ್ತಿಕೊಳ್ಳುತ್ತಿತ್ತು. ಈಗ ಒಂದೇ ಮೇಜು, ಅವನದು. ಚಿತ್ರಗಾರರೆಲ್ಲ ಇಂಟರ್ನೆಟ್ಟಿನ ಒಂದು ಸೈಟಿನೊಳಗೆ ಇದ್ದಾರೆ. ಕಂಪನಿಯವರು ಅಲ್ಲಿ ಹೋಗಿ ಇಂಥ ಕೆಲಸಕ್ಕೆ ಇಂಥವರು ಬೇಕೆಂದರೆ, ಯಾವ ಊರಲ್ಲಿ ಯಾವ ಕಿಟಕಿಯ ಪಕ್ಕ ಕೂತಿದ್ದಾರೋ ತಿಳಿಯದ ನೂರು ಜನ ಕೈಯೆತ್ತುತ್ತಾರೆ. ಆರಿಸುವುದು, ಕೆಲಸ ಹಂಚುವುದು, ತಿದ್ದುವುದು, ಮುಗಿದ ಮೇಲೆ ಅಂಕ ಹಾಕುವುದು, ಇಷ್ಟು ಅವನ ಪಾಲು. ಕೆಂಪು ಶಾಯಿಯ ಅಭ್ಯಾಸ ಬಿಡದೆ ಪರದೆಯ ಮೇಲೂ ಕೆಂಪಿನಲ್ಲೇ ತಿದ್ದುವುದರಿಂದ ಆಫೀಸಿನಲ್ಲಿ ಎಲ್ಲರಿಗೂ ಅವನು ಮೇಷ್ಟ್ರು. ಹಾಗೆ ಕರೆಸಿಕೊಂಡಾಗಲೆಲ್ಲ, ನಿಜವಾಗಿ ಮೇಷ್ಟ್ರಾಗಿದ್ದ ಅಪ್ಪನ ಅಂಗಿಯನ್ನು ಹಾಕಿಕೊಂಡ ಹಾಗೆ ತೋಳು ಸ್ವಲ್ಪ ಉದ್ದವೆನಿಸುತ್ತದೆ, ಕುತ್ತಿಗೆ ಸ್ವಲ್ಪ ಬಿಗಿ.

ಪೆನ್ಸಿಲಮ್ಮನೆಂದು ಹೆಸರಿಟ್ಟವನೂ ಅವನೇ. ಮಿಕ್ಕವರೆಲ್ಲ ಹಲ್ಲು ತೋರಿಸಿದ ಫೋಟೋ ಹಾಕಿಕೊಂಡಿದ್ದರೆ ಅವಳು ಪೆನ್ಸಿಲು ಹಿಡಿದ ಒಂದು ಕೈಯನ್ನಷ್ಟೇ ಹಾಕಿದ್ದಳು. ಉಗುರು ಮಟ್ಟಸವಾಗಿ ಕತ್ತರಿಸಿದ ಕೈ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯ. ಎರಡು ವರ್ಷದಲ್ಲಿ ಹನ್ನೊಂದು ಕೆಲಸ ಮಾಡಿಕೊಟ್ಟಿದ್ದಳು. ಹಾಸಿಗೆ ಹಿಡಿದ ಮಾವನ ಮಂಚದ ಪಕ್ಕದಲ್ಲೇ ಅವಳ ಮೇಜು. ಎರಡು ಗಂಟೆಗೊಮ್ಮೆ ಎದ್ದು ಅವರನ್ನು ಮಗ್ಗುಲು ತಿರುಗಿಸಬೇಕು. ಆಸ್ಪತ್ರೆ ಮಂಚದ ಹಾಳೆ ಬರೆಯುವಾಗ ಅವಳೇ ಬರೆದಿದ್ದಳು: “ಸಾರ್, ಹಿಡಿಕೆ ಇಷ್ಟು ಮೇಲಿದ್ರೆ ಮಲಗಿದವರಿಗೆ ಎಟುಕಲ್ಲ. ನಮ್ಮ ಮಾವನ ಕೈಲಿ ಹಿಡಿಸಿ ನೋಡಿದೆ.” ಅವನು ಆ ಮಾತನ್ನು ಮಂಚ ಮಾಡುವವರಿಗೆ ಮುಟ್ಟಿಸಿದ; ಅವರು ಹಿಡಿಕೆಯನ್ನೇ ಇಳಿಸಿದರು. ಎಲ್ಲಿಯೋ ಯಾರೋ ಮಲಗಿದವರು ಕೈ ಚಾಚಿದರೆ ಈಗ ಅದು ಸಿಗುತ್ತದೆ. ಅವತ್ತು ಆ ಕೆಲಸಕ್ಕೆ ಅಂಕ ಹಾಕುವಾಗ ಅವನ ಎದೆ ತುಂಬಿ ಬಂದಿತ್ತು. ತುಂಬಿದ ಎದೆಯಿಂದಲೇ ಎಂಟು ಹಾಕಿದ್ದ.

ಸೈಟು ಎರಡು ಸಲ ಕೇಳುತ್ತದೆ. ಮೊದಲು ಹೊರಗಿನದು: ಐದು ನಕ್ಷತ್ರ, ಊರಿಗೆಲ್ಲ ಕಾಣುವಂಥದು. ಅದಕ್ಕೆ ಅವನು ಯಾವಾಗಲೂ ಐದೂ ಕೊಡುತ್ತಿದ್ದ. ನಾಲ್ಕು ಜನರೆದುರು ಯಾರ ಮಾನ ಏಕೆ ತೆಗೆಯಬೇಕು? ಆಮೇಲೆ ಒಳಗಿನದು: ಇವರನ್ನು ನಿಮ್ಮ ಆಪ್ತರಿಗೆ ಶಿಫಾರಸು ಮಾಡುವಿರಾ, ಹತ್ತರಲ್ಲಿ ಎಷ್ಟು, ನಿಮ್ಮ ಉತ್ತರ ಅವರಿಗೆ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂದ ಮೇಲೆ ಸುಳ್ಳು ಹೇಳಲು ಕಾರಣವೇ ಇರಲಿಲ್ಲ. ಹೊರಗಿನದು ಮರ್ಯಾದೆ, ಒಳಗಿನದು ಸತ್ಯ ಎಂದು ಅವನು ತನಗೆ ತಾನೇ ಗೆರೆ ಕೊರೆದುಕೊಂಡಿದ್ದ. ಸತ್ಯವೆಂದರೆ ಅವನ ಮನೆಯಲ್ಲಿ ಎಂಟು. ಅದರ ಮೇಲೆ ಇರಲಿಲ್ಲ. ಅಪ್ಪ ಶಾಲೆಯ ಜಗಲಿಯ ಮೇಲೆ ಕಾಲು ಮಡಚಿ ಕೂತು ತಿದ್ದುತ್ತಿದ್ದರು. ಲೆಕ್ಕವೆಲ್ಲ ಸರಿ, ಅಕ್ಷರ ಮುತ್ತಿನ ಹಾಗೆ, ಆದರೂ ಎಂಟು. “ಅಪ್ಪಾ, ತಪ್ಪೆಲ್ಲಿ?” “ತಪ್ಪಿಲ್ಲ ಮರಿ. ಒಂದು ಅಂಕ ದೇವರದು, ಅದನ್ನು ನಾವು ಮುಟ್ಟೋ ಹಾಗಿಲ್ಲ. ಇನ್ನೊಂದು ನಾಳೆ ನೀನು ಇನ್ನೂ ಚೆನ್ನಾಗಿ ಮಾಡ್ತೀಯಲ್ಲ, ಅವತ್ತಿಗೆ.” ಆ ನಾಳೆ ಬರಲಿಲ್ಲ. ಅವನು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತ. ಅತ್ತು ಮುಗಿದ ಮೇಲೆ, ವಿಚಿತ್ರವೆಂದರೆ, ಹೆಮ್ಮೆಯೆನಿಸಿತು. ಪಕ್ಕದ ತರಗತಿಯಲ್ಲಿ ಹತ್ತು ಹತ್ತು ಎಂದು ಹಂಚುತ್ತಿದ್ದರು. ಆ ಹತ್ತಕ್ಕಿಂತ ಅಪ್ಪನ ಎಂಟು ಭಾರವಾಗಿತ್ತು, ಕೈಯಲ್ಲಿ ಹಿಡಿದರೆ ತೂಕ ಸಿಗುವಂತಿತ್ತು. ಅಂಥ ಎಂಟನ್ನು ಅವನು ಬದುಕಿನಲ್ಲಿ ಬೆರಳೆಣಿಕೆಯ ಜನಕ್ಕೆ ಕೊಟ್ಟಿದ್ದ. ಪೆನ್ಸಿಲಮ್ಮನಿಗೆ ಹನ್ನೊಂದು ಸಲ.

ಮಂಗಳವಾರದ ಮೀಟಿಂಗಿನಲ್ಲಿ ಚಿಕ್ಕ ಯಜಮಾನಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದಳು. ಹಳೆಯ ಯಜಮಾನರ ಮಗಳು. ಚುರುಕು, ಕೆಟ್ಟವಳಲ್ಲ, ಮಾತಾಡುವಾಗ ಕೈಯಲ್ಲಿ ಪೆನ್ನು ಗಿರಗಿರನೆ ತಿರುಗಿಸುತ್ತಾಳೆ. “ನಮ್ಮ ಒಳ್ಳೆ ಕೆಲಸದವರು ಒಬ್ಬೊಬ್ಬರಾಗಿ ಪಟ್ಟಿಯಿಂದ ಕೆಳಗೆ ಹೋಗ್ತಿದಾರೆ. ಯಾಕೆ ಅಂತ ನೋಡಿದೆ. ಈ ಒಳಗಿನ ಅಂಕ ಇದೆಯಲ್ಲ, ಹತ್ತು ಅಂದ್ರೆ ಸರಿ, ಒಂಬತ್ತು ಅಂದ್ರೆ ಪರವಾಗಿಲ್ಲ. ಎಂಟು ಅಂದ್ರೆ ಫೇಲು. ಎಂಟೂ ಒಂದೇ, ಸೊನ್ನೆಯೂ ಒಂದೇ, ಸೈಟಿನ ಲೆಕ್ಕದಲ್ಲಿ ಎರಡೂ ದೂರೇ.” ಯಾರೋ ನಕ್ಕರು. ಅವನೂ ನಕ್ಕ. ನಗು ಗಂಟಲಲ್ಲಿ ಹೊರಟು ತುಟಿಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು. ಅವಳು ಪೆನ್ನು ತಿರುಗಿಸುವುದನ್ನು ನಿಲ್ಲಿಸಿ, “ಮೇಷ್ಟ್ರೇ, ನೀವು ಹತ್ತೇ ತಾನೇ ಹಾಕೋದು?” ಎಂದಳು. ಸುಮ್ಮನೆ ಕೇಳಿದ್ದು, ಅನುಮಾನದಿಂದಲ್ಲ. “ಹೂಂ,” ಎಂದ ಅವನು. ಐವತ್ತನಾಲ್ಕು ವರ್ಷದ ಬಾಯಿಂದ ಆ ಹೂಂ ಎಷ್ಟು ಸಲೀಸಾಗಿ ಬಂತೆಂದರೆ, ಅದು ಬರಲೆಂದೇ ಇಷ್ಟು ವರ್ಷ ಒಳಗೆಲ್ಲೋ ಕಾದಿದ್ದಂತೆ. ಮೀಟಿಂಗು ಮುಂದುವರಿಯಿತು. ಕುರ್ಚಿಯ ಕೈ ಮೇಲಿನ ರೆಕ್ಸಿನು ಕಿತ್ತುಬಂದಿದ್ದ ಜಾಗದಲ್ಲಿ ಅವನ ಉಗುರು ಕೆದಕುತ್ತಲೇ ಇತ್ತು. ಎದ್ದಾಗ ನೋಡಿದರೆ ಅಂಗೈಯಷ್ಟು ಸ್ಪಂಜು ಹೊರಗೆ ಬಂದಿತ್ತು.

ಬುಧವಾರ ಅವನು ಏನೂ ಮಾಡಲಿಲ್ಲ. ಏನೂ ಮಾಡದೆ ಇರುವುದಕ್ಕೂ ಒಂದು ದಿನವಿಡೀ ದುಡಿಯಬೇಕಾಗುತ್ತದೆಂದು ಅವತ್ತು ತಿಳಿಯಿತು. ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನಿಂತಾಗ, ದಿನವೂ ತಾನಾಗಿ ಬರುವ ಮಾತು ಬರಲಿಲ್ಲ. ಏನೆಂದು ಕೇಳಿಕೊಳ್ಳುವುದು? ನಿನ್ನ ಅಂಕ ನಿನಗೆ ಮೀಸಲಿಟ್ಟೆ, ಅದರಿಂದ ಒಬ್ಬಳ ಕೆಲಸ ಹೋಯಿತು ಎಂದೇ? ಬೇಡದ ಕಾಣಿಕೆ ಇಟ್ಟು ಬಂದವನ ಹಾಗೆ ಕೈ ಬಿಡಿಸಿಕೊಂಡ. ಹಿಂದೆ ನಿಂತಿದ್ದ ಹೆಂಡತಿ, “ಇವತ್ತು ಬೇಗ ಮುಗೀತಲ್ಲ, ಜಗಳವಾ?” ಎಂದಳು. ಊಟಕ್ಕೆ ಕೂತಾಗ ಅವನು ಬೇರೆ ಯಾರದೋ ಕಥೆಯೆಂಬಂತೆ ಅರ್ಧ ಹೇಳಿದ. ಅವಳು ಬಡಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು. “ಎಂಟು ಹಾಕಿದ ಮಹಾನುಭಾವ ನೀವೇ ತಾನೇ?” “ನಿನಗೆ ಹೇಗೆ ಗೊತ್ತು?” “ಮೂವತ್ತು ವರ್ಷದಿಂದ ಆ ಎಂಟು ತಿಂದ್ಕೊಂಡೇ ಬದುಕಿದೀನಿ, ಗೊತ್ತಾಗಲ್ವಾ? ಮದುವೆಯಾದ ಹೊಸದರಲ್ಲಿ ಅಡುಗೆ ಹೇಗಿದೆ ಅಂದ್ರೆ, ‘ಚೆನ್ನಾಗಿದೆ, ಇನ್ನೂ ಚೆನ್ನಾಗಾಗುತ್ತೆ’ ಅಂದಿರಿ. ನಾನು ನಮ್ಮಮ್ಮನಿಗೆ ಫೋನು ಮಾಡಿ ಅತ್ತಿದ್ದೆ.” ಇದು ಅವನಿಗೆ ಗೊತ್ತಿರಲಿಲ್ಲ. “ಅವಳಿಗೆ ಹೇಳಿಬಿಡಿ.” “ಹೇಳಿದರೆ ಅವಳು ಏನಂದುಕೊಳ್ತಾಳೆ?” ಹೆಂಡತಿ ಆಗ ಪಾತ್ರೆ ಕೆಳಗಿಟ್ಟು ಅವನ ಮುಖ ನೋಡಿದಳು. “ನಿಮಗೆ ಚಿಂತೆ ಇರೋದು ಅವಳ ಕೆಲಸದ್ದೋ, ನಿಮ್ಮ ಒಳ್ಳೇತನದ್ದೋ? ಒಂದು ಆರಿಸ್ಕೊಳ್ಳಿ.” ಅವನು ಆರಿಸಿಕೊಳ್ಳದೆ ಕೈತೊಳೆದು ಎದ್ದಿದ್ದ.

ಈಗ ಗುರುವಾರ, ಗಡಿಯಾರದಲ್ಲಿ ಮೂರೂವರೆ. ಕಿಟಕಿಯಾಚೆ ಎದುರು ಕಟ್ಟಡದವನು ನೀರಿನ ತೊಟ್ಟಿ ತೊಳೆಯುತ್ತಿದ್ದ. ಬಗ್ಗಿದಾಗ ಮಾಯವಾಗಿ, ಎದ್ದಾಗ ಮತ್ತೆ ಕಾಣುತ್ತಿದ್ದ. ಎರಡು ಸಾಲು ಬರೆಯಬಹುದು. ಈಕೆ ಉತ್ತಮ ಚಿತ್ರಗಾರ್ತಿ, ದಯವಿಟ್ಟು ಮರುಪರಿಶೀಲಿಸಿ. ಸುಳ್ಳಲ್ಲ. ತನ್ನ ಹೆಸರು ಎಲ್ಲೂ ಹೊರಬೀಳುವುದಿಲ್ಲ. ಗುರುತು ಮರಳಿ ಬಂದರೆ ಅವಳು ಕೈಯೆತ್ತಿ ನಮಸ್ಕಾರ ಮಾಡುತ್ತಾಳೆ, ತಾನು ಆ ನಮಸ್ಕಾರವನ್ನು ತೆಗೆದುಕೊಳ್ಳುತ್ತೇನೆ. ತೆಗೆದುಕೊಳ್ಳುವುದನ್ನು ನೆನೆದೇ ಅವನ ಕಿವಿ ಬಿಸಿಯಾಯಿತು. ಅಪ್ಪನಿಗೆ ಕೊನೆಕೊನೆಗೆ ನೆನಪು ಹೋಗಿತ್ತು. ಊರು, ಮಗ, ತಮ್ಮ ಹೆಸರು ಎಲ್ಲ ಹೋಗಿ ಅಂಕ ಮಾತ್ರ ಉಳಿದಿತ್ತು. ಗಂಜಿ ಕುಡಿಸುವ ನರ್ಸಿಗೆ, “ಹತ್ತಕ್ಕೆ ಹತ್ತು!” ದಿಂಬು ಸರಿಮಾಡಿದವರಿಗೆ ಹತ್ತು. ಕಿಟಕಿಯಲ್ಲಿ ಕೂತು ಹಾರಿಹೋದ ಗುಬ್ಬಿಗೂ ಹತ್ತು. ಅವನು ಮಂಚದ ಬುಡದಲ್ಲಿ ಕೂತು, ಅದುರುವ ಆ ಕಾಲುಗಳನ್ನು ಒತ್ತುತ್ತ, ಈ ಹತ್ತು ಲೆಕ್ಕಕ್ಕಿಲ್ಲ, ಬುದ್ಧಿ ಹೋದ ಮೇಲಿನದು ಎಂದು ಹೊಟ್ಟೆಕಿಚ್ಚಿನಿಂದ ತನಗೆ ಸಮಾಧಾನ ಹೇಳಿಕೊಂಡಿದ್ದ. ಬುದ್ಧಿ ಹೋಗಿತ್ತೋ, ಬಿಗಿ ಹಿಡಿದದ್ದು ಸಡಿಲವಾಗಿ ದೇವರ ಪಾಲೂ ನಾಳೆಯ ಪಾಲೂ ಹಾಗೇ ಕೈಯಿಂದ ಸುರಿದುಹೋಗುತ್ತಿತ್ತೋ, ಆಗ ಯೋಚಿಸಿರಲಿಲ್ಲ. ಈಗ ಯೋಚಿಸಿದರೆ ಆ ಕಾಲುಗಳ ತೂಕ ಅಂಗೈಗೆ ಮರಳಿ ಬಂದಂತಾಯಿತು. ತೊಟ್ಟಿಯವನು ಮಾಯವಾದ, ಎದ್ದ.

ಅವನು ಬರೆದ. ಎರಡು ಸಾಲಲ್ಲ, ಒಂದು ಪುಟವಾಯಿತು. ಈ ಹನ್ನೊಂದು ಎಂಟೂ ನನ್ನವು. ನನ್ನ ತಿಳಿವಿನಲ್ಲಿ ಅದು ಎಲ್ಲಕ್ಕಿಂತ ಮೇಲಿನ ಅಂಕ. ತಪ್ಪು ಕೆಲಸದ್ದಲ್ಲ, ಅಳೆದವನದು. ಕಳಿಸಿದ ಕೂಡಲೇ ಸೈಟಿನಿಂದ ಉತ್ತರ ಬಂತು, ಮನುಷ್ಯರು ಇಷ್ಟು ಬೇಗ ಓದಲಾರರು: ನಿಮ್ಮ ಪತ್ರ ತಲುಪಿದೆ, ಒಮ್ಮೆ ಕೊಟ್ಟ ಅಂಕ ಸಾಮಾನ್ಯವಾಗಿ ಬದಲಾಗುವುದಿಲ್ಲ, ಏಳು ದಿನದೊಳಗೆ ತಿಳಿಸುತ್ತೇವೆ. ಅದರ ಕೆಳಗೆ, ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಕೊಡುವಿರಿ? ಅವನಿಗೆ ಸಣ್ಣಗೆ ನಗು ಬಂತು. ಪರದೆಯ ಮೇಲಿನ ಆ ಪುಟ ಮುಚ್ಚಿದ. ಎದ್ದು ಚಿಕ್ಕ ಯಜಮಾನಿಯ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, “ಮೊನ್ನೆ ಹೂಂ ಅಂದೆನಲ್ಲ, ಅದು ಸುಳ್ಳು. ಎಂಟೇ ಹಾಕಿದ್ದೆ, ಒಳ್ಳೆ ಕೆಲಸದವರಿಗೆಲ್ಲ,” ಎಂದ. ಅವಳ ಪೆನ್ನು ನೆಲಕ್ಕೆ ಬಿತ್ತು. “ಒಳ್ಳೆಯವರಿಗೆಲ್ಲ? ಅಯ್ಯೋ ಮೇಷ್ಟ್ರೇ!” ಎಂದವಳು ಬೈಯಬೇಕೆಂದು ಬಾಯಿ ತೆರೆದು, ಅವನ ಮುಖ ನೋಡಿ, “ಕೂತ್ಕೊಳ್ಳಿ, ನೀರು ಕುಡೀರಿ,” ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. “ಇಲ್ಲಮ್ಮ, ಒಂದು ಫೋನು ಮಾಡೋದಿದೆ,” ಎಂದು ಅವನು ತಿರುಗಿದ.

ಫೋನಿನಲ್ಲಿ ತೆರೆದರೆ ಸೈಟಿನಲ್ಲಿ ಮಾತಾಡಲು ಒಂದು ಗುಂಡಿ ಇತ್ತು. ಎರಡು ವರ್ಷದಲ್ಲಿ ಅವನು ಅದನ್ನು ಒತ್ತಿರಲಿಲ್ಲ. ಒತ್ತಿದ. ಅವಳ ದನಿ ಸಣ್ಣದಿರಬಹುದೆಂದುಕೊಂಡಿದ್ದ. ಗಡಸಾಗಿ, ತುಂಬಿಕೊಂಡು ಬಂತು. “ಸಾರ್! ನೀವಾ? ಬರೆದ್ರಾ? ಒಂದೇ ನಿಮಿಷ ಸಾರ್, ಇಡಬೇಡಿ, ಮಾವನ್ನ ತಿರುಗಿಸಿ ಬಂದೆ.” ಆ ಕಡೆ ಮಂಚ ನರಳಿತು. “ಕೈ ಈ ಕಡೆ ಹಾಕಿ ಮಾವ, ಹಾಂ, ನನ್ನ ಕುತ್ತಿಗೆ ಹಿಡ್ಕೊಳ್ಳಿ, ಹಾಗೇ.” ಒಬ್ಬ ಮುದುಕರ ಉಸಿರು, ಬಟ್ಟೆಯ ಸರಭರ, ಏನೋ ಗೊಣಗಾಟ, ಅವಳ ನಗು. ಇಷ್ಟು ದಿನ ಕೈಯೊಂದೇ ಆಗಿದ್ದವಳಿಗೆ ಈಗ ಕುತ್ತಿಗೆ ಬಂತು, ಉಸಿರು ಬಂತು, ಕೋಣೆ ಬಂತು. ಈಗಲೂ ಹಿಂದೆ ಸರಿಯಬಹುದು ಎಂದು ಅವನ ಮನಸ್ಸು ಅಂದಿತು. ಬರೆದಿದ್ದೇನಮ್ಮ, ನೋಡೋಣ ಎಂದಷ್ಟೇ ಹೇಳಿ ಇಟ್ಟುಬಿಡಬಹುದು. ಅದೂ ಸುಳ್ಳಾಗುವುದಿಲ್ಲ.

“ಹೇಳಿ ಸಾರ್.”

“ಅದು ನಾನಮ್ಮ.”

“ಯಾವುದು?”

“ಒಳಗಿಂದೊಳಗೆ ಕಡಿಮೆ ಹಾಕಿದ್ದು. ಪ್ರತಿ ಸಲವೂ ಎಂಟು. ಹನ್ನೊಂದು ಸಲ.”

ಅವಳು ಕೇಳಿದ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ಕೋಪವಿರಲಿಲ್ಲ ಅದರಲ್ಲಿ, ತಿದ್ದಲು ಹಾಳೆ ಚಾಚಿದವಳ ದನಿ. “ಏನು ತಪ್ಪಾಗಿತ್ತು ಸಾರ್?”

“ಏನೂ ತಪ್ಪಿರಲಿಲ್ಲ.”

“ಮತ್ತೆ?”

ಅವನು ಅಪ್ಪನ ವಿಷಯ ಹೇಳಿದ. ದೇವರ ಅಂಕ, ನಾಳೆಯ ಅಂಕ. ತನ್ನ ತಲೆಯೊಳಗೆ ಐವತ್ತು ವರ್ಷ ಗಟ್ಟಿಯಾಗಿ ನಿಂತಿದ್ದದ್ದು ಬಾಯಿಂದ ಹೊರಗೆ ಬಂದರೆ ಸಂತೆಯಲ್ಲಿ ಬಿಚ್ಚಿಟ್ಟ ಹಳೆಯ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು; ಅವನಿಗೇ ನಾಚಿಕೆಯಾಯಿತು. ಅವಳು ಪೂರ್ತಿ ಕೇಳಿದಳು.

“ಅಂದ್ರೆ ನನಗೆ ಅಂಕ ಕೊಟ್ಟಿದ್ದು ನಿಮ್ಮಪ್ಪ.”

“ಅಲ್ಲಮ್ಮ. ಕೊಟ್ಟಿದ್ದು ನಾನೇ. ಸೈಟಿಗೆ ನಿಜ ಬರೆದು ಕಳಿಸಿದೀನಿ. ಅವರು ಕೇಳ್ತಾರೋ ಇಲ್ಲವೋ. ಮುಂದಿನ ಕೆಲಸವೂ ನಿಮಗೇ. ಅದಕ್ಕೆ ಹತ್ತು ಹಾಕ್ತೀನಿ.”

“ಹಾಕಿ ಸಾರ್, ಧಾರಾಳವಾಗಿ ಹಾಕಿ. ಆ ಒಂದು ಅಂಕದ ವಿಷಯ ದೇವರ ಹತ್ರ ನಾನೇ ಮಾತಾಡ್ಕೋತೀನಿ.” ಅವಳು ನಕ್ಕಳು; ನಗು ಮಧ್ಯದಲ್ಲೇ ನಿಂತಿತು. “ಸಾರ್... ನಿಮಗೆ ಇದು ಯಾವತ್ತು ಗೊತ್ತಾಯ್ತು?”

“ಮಂಗಳವಾರ.”

“ಮಂಗಳವಾರ ಯಾಕೆ ಹೇಳ್ಲಿಲ್ಲ?”

ಉತ್ತರವನ್ನು ಹೆಂಡತಿ ಹೇಳಿಯಾಗಿತ್ತು.

“ನಾನು ಬುಧವಾರ ಬರೆದುಬಿಟ್ಟೆ ಸಾರ್,” ಎಂದಳು ಪೆನ್ಸಿಲಮ್ಮ. ಈಗ ದನಿ ಸಣ್ಣಗಾಗಿತ್ತು. “ಇನ್ನೊಬ್ಬರು ಗಿರಾಕಿ ಇದಾರೆ, ಮರದ ಬೊಂಬೆ ಮಾಡೋ ಅಜ್ಜ. ಒಂದು ಕುದುರೆ ಕಾಲನ್ನ ನಾಲ್ಕು ಸಲ ತಿದ್ದಿಸಿದ್ರು. ಅವರೇ ಹಾಕಿರೋದು ಅಂತ ನನಗೆ ಖಾತ್ರಿಯಾಗಿಹೋಯ್ತು. ‘ಕಣ್ಣು ಕಾಣದವರು ಚಿತ್ರದ ಸಹವಾಸಕ್ಕೆ ಬರಬಾರದು’ ಅಂತ ಬರೆದೆ. ಅವರಿಗೆ ನಿಜವಾಗ್ಲೂ ಕಣ್ಣು ಸರಿಯಿಲ್ಲ ಸಾರ್, ಅವರೇ ಹೇಳಿದ್ರು ಒಂದು ಸಲ, ಅದಕ್ಕೇ ದೊಡ್ಡದಾಗಿ ಬರೀಬೇಕು ಅಂತ. ಗೊತ್ತಿದ್ದೂ ಬರೆದೆ.”

“ಏನಂದ್ರು?”

“‘ಆಯ್ತಮ್ಮ’ ಅಂತ ಕಳಿಸಿದ್ರು. ಅಷ್ಟೇ.”

ಬುಧವಾರವೆಂಬ ಆ ದಿನ, ತಾನು ಏನೂ ಮಾಡದೆ ಕಳೆದೆನೆಂದುಕೊಂಡಿದ್ದ ದಿನ, ಈಗ ಅವನ ಎದುರು ಮೇಜಿನ ಮೇಲೆ ತುಂಬಿ ಕೂತಿತು. ತಾನು ಕೈತೊಳೆಯುತ್ತಿದ್ದ ಹೊತ್ತಿಗೇ ಎಲ್ಲಿಯೋ ಒಬ್ಬ ಮುದುಕರು ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದಾಗಿ ಓದಿ, ಆಯ್ತಮ್ಮ ಎಂದು ಬರೆಯುತ್ತಿದ್ದಿರಬೇಕು. ಅವರ ಹೆಸರು ಅವನಿಗೆ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಅವರು ಮಾಡಿದ ಬೊಂಬೆಯೊಂದನ್ನೂ ಮುಟ್ಟಿಲ್ಲ. ಆದರೂ ಅವರನ್ನು ನೋಯಿಸಿದವರಲ್ಲಿ ತಾನೂ ಒಬ್ಬ.

“ನಾನೇ ಅವರಿಗೆ ಬರೀಲಾ, ಇದೆಲ್ಲ ನನ್ನಿಂದ ಆಯ್ತು ಅಂತ?”

“ಬೇಡ ಸಾರ್. ಎಂಟು ನಿಮ್ಮದು, ಒಪ್ಪಿದೆ. ಬೈದದ್ದು ನನ್ನ ಬಾಯಿ.” ಕುರ್ಚಿ ಎಳೆದ ಸದ್ದು. “ಇಟ್ಟುಬಿಡಬೇಡಿ ಹಾಂ. ಒಬ್ಬಳೇ ಕೂತ್ರೆ ಬರೆಯೋಕಾಗಲ್ಲ, ನಾಳೆ ನೋಡೋಣ ಅನ್ನಿಸಿಬಿಡುತ್ತೆ. ಏನಂತ ಶುರುಮಾಡ್ಲಿ? ನೀವು ಈಗ ತಾನೇ ಮಾಡಿದ್ರಲ್ಲ, ನಿಮಗೆ ಗೊತ್ತಿರುತ್ತೆ.”

“‘ಅಜ್ಜ’ ಅಂತ ಶುರುಮಾಡಿ.”

ಟಕಟಕ ಸದ್ದಾಯಿತು. “ಆಮೇಲೆ?”

“ನೆಪ ಹೇಳಬೇಡಿ.”

“ನೀವು ಹೇಳಿದ್ರಲ್ಲ, ಅಪ್ಪ, ಜಗಲಿ, ಅದೂ ಇದೂ.”

“ಹೇಳಿದೆ. ಅದಕ್ಕೇ ಬೇಡ ಅಂತಿರೋದು.”

ಅವಳು ಹೂಂಗುಟ್ಟಿದಳು. ಸದ್ದು ನಿಂತು, ಮತ್ತೆ ಶುರುವಾಗಿ, ತುಂಬ ಹೊತ್ತು ಅಳಿಸಿ ಬರೆದು ಅಳಿಸಿ ಬರೆದು ನಡೆಯಿತು. “ಅಜ್ಜ, ನಾನು ನಿಮಗೆ ಬರೆದದ್ದು ತಪ್ಪು. ನೀವು ಏನೂ ಮಾಡಿರಲಿಲ್ಲ. ಕಣ್ಣಿನ ಮಾತು ಎತ್ತಬಾರದಿತ್ತು. ಕ್ಷಮಿಸಿ.” ಓದಿ ಮುಗಿಸಿ ಕೇಳಿದಳು, “ಮುಂದೆ?”

ಅವನು ಆ ಸಾಲುಗಳನ್ನು ಬಾಯೊಳಗೇ ಇನ್ನೊಮ್ಮೆ ಹೇಳಿಕೊಂಡ.

“ಅಷ್ಟೇ ಅಮ್ಮ. ದೊಡ್ಡ ಅಕ್ಷರದಲ್ಲಿ ಕಳಿಸಿ.”

“ಕಳಿಸಿದೆ,” ಎಂದಳು. ಇಡುತ್ತೇನೆಂದು ಅವಳು ಹೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಫೋನು ಬದಲಿಸಿಕೊಂಡು, ಯಾವುದೋ ಊರಿನ ಬೊಂಬೆಯಂಗಡಿಯಲ್ಲಿ ಒಬ್ಬ ಮುದುಕರು ಕನ್ನಡಕ ಹುಡುಕುವಷ್ಟು ಹೊತ್ತು, ಅದನ್ನು ಹಾಕಿಕೊಂಡು ಬೆಳಕಿನ ಕಡೆ ತಿರುಗುವಷ್ಟು ಹೊತ್ತು, ಇಬ್ಬರೂ ಕಾದು ಕೂತರು.